ಗುಟ್ಟನ್ನು ಅರಿಯದ ಕಾವಲುಗಾರ

ಮರೆವು ಮನುಷ್ಯನಿಗೆ ಸಹಜವಾದುದು. ಬೀಗದ ಕೈಯನ್ನು ಎಲ್ಲಿಟ್ಟೆವೆಂದು ಮನೆಯೆಲ್ಲ ಹುಡುಕುವ ನಾವು ಪಾಸ್‌ವರ್ಡನ್ನು ಮರೆಯುವುದರಲ್ಲಿ ಆಶ್ಚರ್ಯವೇನು? ಮಾಗಡಿಯಲ್ಲಿರುವ ನನ್ನ ಸೋದರಮಾವನವರು ಹೀಗೆಯೇ ಒಂದು ಜಾಲತಾಣದ ಪಾಸ್‌ವರ್ಡನ್ನು ಮರೆತರು. ಕೇಳಿದೊಡನೆ ತಾಣದವರು ಅದನ್ನು ಇದ್ದಂತೆಯೇ ಇ-ಮೇಲಿನಲ್ಲಿ ಬರೆದು ಕಳುಹಿಸಿದರು. “ನೋಡಯ್ಯ, ಎಷ್ಟು ಜೋಪಾನವಾಗಿ ಇಟ್ಟಿದ್ದಾರೆ!” ಎಂದು ಮಾವ ಹಿಗ್ಗಿದರು. ನನಗೋ ಎದೆ ಝಲ್ಲೆಂದಿತು. ಅವರ ಬ್ಯಾಂಕಿನ ಖಾತೆಗೂ ಅದೇ ಪಾಸ್‌ವರ್ಡು! “ಮಾವ, ಅವರು ಓದಬಲ್ಲರೆಂದ ಮೇಲೆ, ಅಲ್ಲಿಗೆ ನುಗ್ಗಿದ ಕಳ್ಳನೂ ಓದಬಲ್ಲ” ಎಂದೆ. ಅಂದೇ ಎರಡನ್ನೂ ಬದಲಾಯಿಸಿದ್ದಾಯಿತು.

“ನನ್ನ ಗುಟ್ಟನ್ನು ಇಟ್ಟುಕೊಳ್ಳದೆ ನನ್ನನ್ನು ಗುರುತಿಸುವುದು ಹೇಗೆ?” ಎಂದು ಮಾವ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಉತ್ತರಕ್ಕೆ ನಮ್ಮ ರಾಮನಗರದ ರೇಷ್ಮೆಯನ್ನು ನೋಡಬಹುದು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ಗೂಡಿನಿಂದ ನೂಲು ಬಂದೀತು. ನೂಲಿನಿಂದ ಗೂಡು ಮರಳಿ ಬಾರದು. ಹ್ಯಾಷ್ ಎಂಬ ಗಣಿತಕ್ರಿಯೆಯೂ ಹೀಗೆಯೇ ಒಮ್ಮುಖವಾದುದು. ಪಾಸ್‌ವರ್ಡನ್ನು ಅದರಲ್ಲಿ ಹಾಯಿಸಿದರೆ ಅರ್ಥವಿಲ್ಲದ ಅಕ್ಷರಗಳ ಸಾಲೊಂದು ಹೊರಬರುತ್ತದೆ. ತಾಣವು ಆ ಸಾಲನ್ನು ಮಾತ್ರ ಬರೆದಿಟ್ಟುಕೊಳ್ಳಬೇಕು. ಮುಂದೆ ನಾವು ಪಾಸ್‌ವರ್ಡು ಕೊಟ್ಟಾಗ ಅದೇ ಕ್ರಿಯೆಯನ್ನು ಮತ್ತೆ ನಡೆಸಿ, ಎರಡು ಸಾಲುಗಳೂ ಒಂದೇ ಆದರೆ ಬಾಗಿಲು ತೆರೆಯಬೇಕು.

ಆದರೆ ಕಳ್ಳನಿಗೆ ಊಹೆಯ ದಾರಿಯೊಂದು ಉಂಟು. ರಾಮನಗರದ ಬಂಡೆಗಳ ನಡುವೆ ಚಿತ್ರವಾದ ‘ಶೋಲೆ’ಯನ್ನು ನೆನೆದು ‘ಶೋಲೆ1975’ ಎಂದು ಒಮ್ಮೆ ಹ್ಯಾಷ್ ಮಾಡಿ, ಪಟ್ಟಿಯಲ್ಲಿ ಆ ಸಾಲು ಇರುವವರನ್ನೆಲ್ಲ ಹಿಡಿದಾನು. ಆದುದರಿಂದ ಒಬ್ಬೊಬ್ಬರ ಪಾಸ್‌ವರ್ಡಿಗೂ ಮನಬಂದ ಬೇರೆ ಬೇರೆ ಅಕ್ಷರಗಳನ್ನು ಬೆರೆಸುತ್ತಾರೆ. ಇದರ ಹೆಸರು ಸಾಲ್ಟ್, ಎಂದರೆ ಉಪ್ಪು! ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಲೇಖನದಲ್ಲೇ ಇದನ್ನು ವಿವರಿಸಿದ್ದಾರೆ. ಉಪ್ಪು ಬಿದ್ದ ಮೇಲೆ ಇಬ್ಬರ ಪಾಸ್‌ವರ್ಡು ಒಂದೇ ಆಗಿದ್ದರೂ ಸಾಲುಗಳು ಬೇರೆ. ಕಳ್ಳನು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ದುಡಿಯಬೇಕು.

ಅವನ ದುಡಿಮೆಯನ್ನು ನಿಧಾನಗೊಳಿಸುವುದೂ ಅಗತ್ಯ. 2020ರಲ್ಲಿ ಬೆಂಗಳೂರಿನ ಬಿಗ್‌ಬಾಸ್ಕೆಟ್ ಸಂಸ್ಥೆಯಿಂದ ಎರಡು ಕೋಟಿ ಗ್ರಾಹಕರ ವಿವರಗಳು ಕಳುವಾಗಿ, ಮರುವರ್ಷ ಬಯಲಿಗೆ ಬಿದ್ದವು. ಪಾಸ್‌ವರ್ಡುಗಳು ಎಸ್‌ಎಚ್‌ಎ-1 ಎಂಬ ಹಳೆಯ ಹ್ಯಾಷ್‌ನ ರೂಪದಲ್ಲಿದ್ದವು. ಅದು ಬಲು ವೇಗದ್ದು. ಆ ವೇಗ ಊಹಿಸುವವನಿಗೇ ಲಾಭ. 1999ರಲ್ಲಿ ಪ್ರಕಟವಾದ ಬಿಕ್ರಿಪ್ಟ್, 2015ರ ಸ್ಪರ್ಧೆಯಲ್ಲಿ ಗೆದ್ದ ಆರ್ಗಾನ್2 ಇವು ಬೇಕೆಂದೇ ನಿಧಾನವಾದವು. ಬಿಕ್ರಿಪ್ಟ್‌ಗೆ 12 ಎಂಬ ಅಳತೆ ಕೊಟ್ಟರೆ 4096 ಸುತ್ತು ತಿರುಗುತ್ತದೆ. ನಮಗದು ಕ್ಷಣಮಾತ್ರ, ಕೋಟಿ ಊಹೆ ಮಾಡುವವನಿಗೆ ಕೋಟಿ ಸಲದ ಶ್ರಮ.

ಸಹಪಾಠಿಗಳೇ, ನಾಳೆ ನಿಮ್ಮಲ್ಲಿ ಯಾರಾದರೂ ಚನ್ನಪಟ್ಟಣದ ಗೊಂಬೆ ಅಂಗಡಿಗೋ ಕನಕಪುರದ ಸಹಕಾರ ಸಂಘಕ್ಕೋ ತಾಣ ಕಟ್ಟಿಕೊಡಬಹುದು. ಆಗ ಸ್ವಂತ ಜಾಣ್ಮೆಯ ಹ್ಯಾಷ್ ಹೊಸೆಯದೆ, ಬಲ್ಲವರು ಪರೀಕ್ಷಿಸಿದುದನ್ನೇ ಬಳಸಿರಿ. ಮರೆತವರಿಗೆ ಹೊಸ ಪಾಸ್‌ವರ್ಡು ಇಟ್ಟುಕೊಳ್ಳಲು ದಾರಿ ಮಾಡಿಕೊಡಿ. ಹಳೆಯದನ್ನು ಹೇಳಬೇಕೆಂದರೂ ನಿಮಗೆ ಹೇಳಲು ಬಾರದಿರಲಿ. ನಂಬಿ ಬಂದವರಿಗೆ ಅದೇ ರಕ್ಷೆ.