ಜಗಲಿ ಇಲ್ಲದ ಪ್ಲಾನು

ವಿಜಯನಗರದ ಬಾಡಿಗೆ ಮನೆಯಲ್ಲಿ ಪ್ಲಾನಿನ ಹಾಳೆ ಹಾಸಿಕೊಂಡು ಕೂತ ದಿನ ನಮಗೆ ಹೆಮ್ಮೆಯೋ ಹೆಮ್ಮೆ. ನಾವೆಂದರೆ ಅಣ್ಣ-ತಂಗಿ. ಒಬ್ಬರು ವಿಜಯನಗರದಲ್ಲಿ, ಇನ್ನೊಬ್ಬರು ಕೆಂಗೇರಿಯಲ್ಲಿ. ಊರು ಕುಂದಾಪುರದಾಚೆ, ಮರವಂತೆಯ ಹತ್ತಿರ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಅಲ್ಲಿ ಅಮ್ಮ ಒಬ್ಬಳೇ ಇದ್ದಾಳೆ.

ಹೊಸ ಮನೆ ನಮ್ಮ ಶೋಕಿಯಲ್ಲ. 2009ರಲ್ಲಿ ಅಪ್ಪ ಹಳೆಯ ಹಂಚಿನ ಮನೆಯ ಪಡುಬದಿಗೆ ಒಂದು ಆರ್‌ಸಿಸಿ ಕೋಣೆ ಸೇರಿಸಿದ್ದರು. ಹನ್ನೆರಡೇ ವರ್ಷಕ್ಕೆ, ಒಂದು ಮಳೆಗಾಲದ ಬೆಳಗ್ಗೆ, ಅದರ ತಾರಸಿಯ ತುಂಡು ಕಳಚಿ ಅಮ್ಮನ ಮಂಚದ ಮೇಲೆ ಬಿತ್ತು. ಅಮ್ಮ ದನಕ್ಕೆ ಹುಲ್ಲು ಹಾಕಲು ಕೊಟ್ಟಿಗೆಗೆ ಹೋಗಿದ್ದಳು. ಅದಕ್ಕೇ ಉಳಿದಳು.

ಹೀಗೇಕಾಯಿತು ಎಂದು ಆಮೇಲೆ ಕೇಳಿ ತಿಳಿದೆವು. ಕಡಲ ಗಾಳಿಯಲ್ಲಿ ಉಪ್ಪಿರುತ್ತದೆ. ಅದು ತೇವದ ಜೊತೆ ಕಾಂಕ್ರೀಟಿನೊಳಗೆ ಇಳಿದು ಕಂಬಿಯನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಉಬ್ಬಿದ್ದು ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. ಕಂಬಿಯ ಮೇಲಿನ ಕಾಂಕ್ರೀಟ್ ಹೊದಿಕೆ ತೆಳುವಾಗಿದ್ದರೆ, ಕಲಸಿದ ಮರಳಲ್ಲೋ ನೀರಲ್ಲೋ ಉಪ್ಪಿದ್ದರೆ ಇದೆಲ್ಲ ಬೇಗ ಆಗುತ್ತದೆ.

ಇಷ್ಟೆಲ್ಲ ಗೊತ್ತಾದ ಮೇಲೂ ನಾವು ಮಾಡಿಸಿದ ಪ್ಲಾನು ಹೇಗಿತ್ತು ಗೊತ್ತೇ? ಚಪ್ಪಟೆ ತಾರಸಿ, ಕಡಲಿಗೆ ಮುಖಮಾಡಿ ದೊಡ್ಡ ಗಾಜಿನ ಗೋಡೆ, ಸ್ಟೀಲಿನ ಕಂಬಿಬೇಲಿ. ರಾಜಾಜಿನಗರ, ಬಸವೇಶ್ವರನಗರದ ತರ್ಟಿ-ಫಾರ್ಟಿ ಸೈಟಿನ ಮನೆಗಳನ್ನು ನೋಡಿ ನೋಡಿ ನಮ್ಮ ಕಣ್ಣಿಗೆ ಅದೇ ಮನೆ ಅನ್ನಿಸಿಬಿಟ್ಟಿತ್ತು. ಬೆಂಗಳೂರಿಗೆ ವರ್ಷಕ್ಕೆ ಬೀಳುವುದು ಸುಮಾರು 970 ಮಿಲಿಮೀಟರ್ ಮಳೆ. ಉಡುಪಿ ಜಿಲ್ಲೆಗೆ 4000ಕ್ಕೂ ಹೆಚ್ಚು. ಅಲ್ಲಿಯ ಮನೆಯನ್ನು ಇಲ್ಲಿ ತಂದಿಟ್ಟರೆ ನಡೆದೀತು, ಇಲ್ಲಿಯದನ್ನು ಅಲ್ಲಿಟ್ಟರೆ ನಡೆಯದು.

ಪಂಚಗಂಗಾ ರೈಲು ಹತ್ತಿ, ಕುಂದಾಪುರದಲ್ಲಿ ಇಳಿದು, ಪ್ಲಾನು ತೋರಿಸಿದೆವು. ಅಮ್ಮ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿ ಒಂದೇ ಮಾತು ಕೇಳಿದಳು: "ಇದ್ರಗೆ ಜಗ್ಲಿ ಎಲ್ಲಿತ್ ಮಗಾ? ಬಂದೋರ್ ಎಲ್ಲ್ ಕೂಕಣ್ಕ್?"

ನಮ್ಮಲ್ಲಿ ಉತ್ತರವಿರಲಿಲ್ಲ. ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿ ಸುದ್ದಿ ಹೇಳುವುದು ಜಗಲಿಯಲ್ಲಿ. ಕೆಲಸದವರು ಚಾ ಕುಡಿಯುವುದು, ನೆರೆಮನೆಯವರು ಕವಳ ಹಾಕುವುದು ಅಲ್ಲಿಯೇ. ಒಂಟಿ ಮುದುಕಿಗೆ ದಿನಕ್ಕೆ ನಾಲ್ಕು ಮಾತು ಸಿಗುವುದು ಅಲ್ಲಿ. ನಾವು ಅಮ್ಮನಿಗೆ ಮನೆ ಕಟ್ಟಲು ಹೊರಟು, ಅವಳ ಜನರನ್ನೇ ಪ್ಲಾನಿನಿಂದ ಅಳಿಸಿಬಿಟ್ಟಿದ್ದೆವು.

ಮರುದಿನ ಮರಗೆಲಸದ ಆಚಾರ್ರು ಬಂದರು. ಗಾಜಿನ ಗೋಡೆ ನೋಡಿ ನಕ್ಕರು. "ಪಡುಬದಿಗೆ ಗಾಜ್ ಇಟ್ರೆ ಮಳಿಗಾಲದಗೆ ತೆಗುಕ್ ಆತಿಲ್ಲ" ಎಂದರು. ಆಮೇಲೆ ನಮ್ಮದೇ ಹಳೆಮನೆಯನ್ನು ನಮಗೆ ತೋರಿಸಿದರು. ಮಳೆಗಾಳಿ ಬರುವ ಕಡೆ ಮಾಡು ತಗ್ಗಿ, ಸೂರು ಗೋಡೆಯಿಂದ ಬಹಳ ಮುಂದೆ ಬಂದಿದೆ. ಕಿಟಕಿಗೆ ಕಬ್ಬಿಣವಲ್ಲ, ಮರದ ಸರಳು. ಹಂಚಿನ ಸಂದಿಯಲ್ಲಿ ಬಿಸಿ ಗಾಳಿ ಹೊರಹೋಗುತ್ತದೆ. ಕತ್ತಲ ಕೋಣೆಗೆ ಒಂದು ಗಾಜಿನ ಹಂಚು. ಗೋಡೆ ಮುರಕಲ್ಲಿನದು. ಕೆಲವು ಕಡೆ ಇದನ್ನೇ ಕೆಂಪುಕಲ್ಲು, ಚಿರೆಕಲ್ಲು ಅನ್ನುತ್ತಾರೆ. ಕಡಿಯುವಾಗ ಮೆತ್ತಗಿದ್ದು, ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು.

ಹಂಚೂ ಒಂದು ಕಾಲದಲ್ಲಿ ಹೊಸದೇ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯ ಹುಲ್ಲಿನ ಮಾಡುಗಳು ಒಂದೊಂದಾಗಿ ಕೆಂಪಾದವು. ಊರಿನ ಮಳೆಗೆ ಹೊಂದಿಕೊಂಡಿದ್ದರಿಂದ ಅದು ಉಳಿಯಿತು. ಹೊಸದು ಬೇಡವೆಂದಲ್ಲ, ಹೊಂದಬೇಕು ಅಷ್ಟೇ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನೂ ನೋಡಿ ಬಂದೆವು. ಬಿಚ್ಚಿದ ಮನೆಯ ಮರ ಮತ್ತೆ ಮನೆಯಾಗುತ್ತದೆ ಎಂದು ಅಲ್ಲಿ ಧೈರ್ಯ ಬಂತು.

ಹೊಸ ಪ್ಲಾನು ಹೀಗಾಯಿತು. ಮುರಕಲ್ಲಿನ ಗೋಡೆ, ಇಳಿಜಾರು ಮಾಡು, ಹಳೆಮನೆಯ ಹಂಚು, ಗಟ್ಟಿಯಿದ್ದ ಪಕಾಸುಗಳು. ಮೂಡುಬದಿಗೆ ಉದ್ದನೆಯ ಜಗಲಿ. ಅಮ್ಮನ ಕೋಣೆಗೆ ತಾಗಿಯೇ ಬಚ್ಚಲು, ನಡುವೆ ಮೆಟ್ಟಿಲಿಲ್ಲ. ನಿಂತು ಅಡುಗೆ ಮಾಡುವ ಕಟ್ಟೆ, ವಾಷಿಂಗ್ ಮೆಷಿನ್ನಿಗೆ ಜಾಗ, ನಾವು ಬಂದಾಗ ಕೆಲಸ ಮಾಡಲು ವೈಫೈ. ಪಡುಬದಿಯ ಗೇರು, ಸುರಹೊನ್ನೆ ಮರಗಳನ್ನು ಕಡಿಯಲಿಲ್ಲ. ಗಾಳಿಯ ಮೊದಲ ಪೆಟ್ಟು ಅವೇ ತಿನ್ನುತ್ತವೆ.

ನೀವೂ ಕಡಲ ಬದಿಯಲ್ಲಿ ಕಟ್ಟುವವರಾದರೆ ಒಂದು ಮಾತು. ಭರತದ ಗೆರೆಯಿಂದ 500 ಮೀಟರ್‌ವರೆಗಿನ ಜಾಗಕ್ಕೆ ಸಿಆರ್‌ಝಡ್ ನಿಯಮ ಇದೆ. ಉಪ್ಪುನೀರು ಏರುವ ಹೊಳೆಯ ದಡಕ್ಕೂ ಇದೆ. ಪ್ಲಾನು ಬರೆಸುವ ಮೊದಲೇ ಪಂಚಾಯಿತಿಯಲ್ಲಿ ವಿಚಾರಿಸಿ. ನಾವು ಹಳೆಯ ಪಂಚಾಂಗದ ಅಳತೆ ಮೀರದೆ ಕಟ್ಟಿದೆವು.

ಹಣ ಉಳಿಯಿತೇ ಎಂದರೆ, ಇಲ್ಲ. ಮರಗೆಲಸದ ಕೂಲಿ ನಮ್ಮ ಲೆಕ್ಕ ಮೀರಿತು. ತಪ್ಪೂ ಒಂದಾಯಿತು. ಕಡಲು ಕಾಣಲಿ ಎಂದು ನಾವು ಹಟ ಮಾಡಿ ಪಡುಬದಿಗೆ ಒಂದು ಅಗಲ ಕಿಟಕಿ ಇಡಿಸಿದೆವು. ಮೊದಲ ಮಳೆಗೇ ನೀರು ಮಂಚದವರೆಗೆ ಬಂತು. ಅಮ್ಮ ನಮಗೇನೂ ಹೇಳಲಿಲ್ಲ. ತೆಂಗಿನ ಮಡಲಿನ ತಟ್ಟಿ ಹೆಣೆಸಿ ಆ ಕಿಟಕಿಗೆ ಅಡ್ಡ ಕಟ್ಟಿಸಿ, ಜಗಲಿಗೆ ಹೋಗಿ ಕೂತಳು.

ಈಗ ನಾವು ಫೋನು ಮಾಡಿದರೆ ಹಿಂದಿನಿಂದ ಯಾರದಾದರೂ ಮಾತು ಕೇಳಿಸುತ್ತದೆ. "ಜನ ಇದ್ರ್, ಆಮೇಲೆ ಮಾಡ್" ಎಂದು ಇಟ್ಟುಬಿಡುತ್ತಾಳೆ.