ಕೂದಲೆಳೆಯ ಅಂತರ

ಬೆಳಗಿನ ಹಾಲಿಗೆ ನೀರು ಬೆರೆತಿದ್ದರೆ ಗೃಹಿಣಿಯ ಕಣ್ಣು ಮೋಸ ಹೋಗಬಹುದು. ಲ್ಯಾಕ್ಟೋಮೀಟರು ಮಾತ್ರ ತುಸು ಕೆಳಗಿಳಿದು ಹಾಲಿನವನ ಗುಟ್ಟನ್ನು ಹೊರಗೆಡಹುತ್ತದೆ. ಕಣ್ಣಿಗೆ ಕಾಣದುದನ್ನು ಸಾಂದ್ರತೆ ಹೇಳುತ್ತದೆ. ಅದನ್ನು ಕೇಳುವ ಕಿವಿ ಬೇಕು, ಅಷ್ಟೆ.

ಅಂಥ ಕಿವಿ ಇಂಗ್ಲೆಂಡಿನ ಲಾರ್ಡ್ ರೇಲಿಗೆ ಇದ್ದಿತು. 1892ರಲ್ಲಿ ಆತ ಸಾರಜನಕವನ್ನು ತೂಗುತ್ತಿದ್ದ. ಬಗೆ ಸರಳ: ಗಾಜಿನ ಗೋಳವನ್ನು ಬರಿದು ಮಾಡಿ ತೂಗುವುದು, ಅನಿಲ ತುಂಬಿ ಮತ್ತೆ ತೂಗುವುದು, ಹೆಚ್ಚಿದ ತೂಕವನ್ನು ಗೋಳದ ಗಾತ್ರದಿಂದ ಭಾಗಿಸುವುದು. ಕಾವು, ಒತ್ತಡಗಳು ಪ್ರತಿ ಸಲವೂ ಒಂದೇ ಸಮನಾಗಿರಬೇಕು. ತಾಳ್ಮೆಯಂತೂ ಅಳತೆ ಮೀರಿರಬೇಕು.

ಗಾಳಿಯಿಂದ ಆಮ್ಲಜನಕವನ್ನು ಕಳೆದು ಪಡೆದ ಸಾರಜನಕಕ್ಕೂ ಅಮೋನಿಯದ ನೆರವಿನಿಂದ ಪಡೆದುದಕ್ಕೂ ತೂಕದಲ್ಲಿ ಕೂದಲೆಳೆಯ ಅಂತರ ಕಂಡಿತು. ಕೈತಪ್ಪೆಂದು ತಳ್ಳಿಹಾಕಬಹುದಿತ್ತು. ರೇಲಿ ‘ನೇಚರ್’ ಪತ್ರಿಕೆಗೆ ಬರೆದು, ಕಾರಣ ಬಲ್ಲವರು ತಿಳಿಸಬೇಕೆಂದು ರಸಾಯನಶಾಸ್ತ್ರಜ್ಞರನ್ನು ಕೇಳಿಕೊಂಡ. ಕೇಂಬ್ರಿಜ್‌ನಲ್ಲಿ ಪ್ರಾಧ್ಯಾಪಕನಾಗಿದ್ದವನು ತನಗೆ ತಿಳಿಯದೆಂದು ಹತ್ತು ಜನರೆದುರು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಮುಂದೆ ಅಂತರವನ್ನು ಮುಚ್ಚುವ ಬದಲು ಹಿಗ್ಗಿಸಿಯೇ ನೋಡಿದ. ಗಾಳಿಯ ಸೋಂಕೇ ಇಲ್ಲದ ಸಾರಜನಕ ಲೀಟರಿಗೆ 1.2505 ಗ್ರಾಂ ತೂಗಿತು, ಗಾಳಿಯದು 1.2572 ಗ್ರಾಂ.

ಹೆಚ್ಚಿನ ತೂಕ ಯಾರದು? ವಿಲಿಯಂ ರಾಮ್ಸೆ ಗಾಳಿಯ ಸಾರಜನಕವನ್ನು ಕಾದ ಮೆಗ್ನೀಷಿಯಂ ಮೇಲೆ ಮತ್ತೆ ಮತ್ತೆ ಹಾಯಿಸಿದ. ಸಾರಜನಕವೆಲ್ಲ ಹೀರಿಹೋಯಿತು, ಯಾವುದರೊಂದಿಗೂ ಕೂಡದ ಅನಿಲವೊಂದು ಉಳಿಯಿತು. ಹೆಸರಿಲ್ಲದ ಆ ವಸ್ತುವಿನ ಸಾಂದ್ರತೆಯನ್ನು ಲೆಕ್ಕ ಹಾಕಿದರೆ ಜಲಜನಕದ ಸುಮಾರು 20 ಪಟ್ಟು! ಸಾರಜನಕವಾದರೋ 14 ಪಟ್ಟು ಮಾತ್ರ. 1894ರಲ್ಲಿ ಲೋಕಕ್ಕೆ ಪರಿಚಯವಾದ ಅದಕ್ಕೆ ಆರ್ಗಾನ್ ಎಂದು ಹೆಸರಾಯಿತು. ಗ್ರೀಕ್ ಭಾಷೆಯಲ್ಲಿ ‘ಸೋಮಾರಿ’ ಎಂದರ್ಥ. 1904ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ರೇಲಿಗೂ ರಸಾಯನಶಾಸ್ತ್ರದ್ದು ರಾಮ್ಸೆಗೂ ಸಂದವು.

ವಿಚಿತ್ರವೆಂದರೆ, 1785ರಲ್ಲಿಯೇ ಹೆನ್ರಿ ಕ್ಯಾವೆಂಡಿಷ್ ಗಾಳಿಯ ಸಾರಜನಕವನ್ನು ವಿದ್ಯುತ್ ಕಿಡಿಯಿಂದ ಕಳೆದಾಗ, ಅದರ 120ನೆಯ ಒಂದು ಪಾಲನ್ನು ಮೀರದ ಗುಳ್ಳೆಯೊಂದು ಉಳಿದಿತ್ತು. ಆತ ಅದನ್ನು ಬರೆದಿಟ್ಟ. ಲೋಕ ನೂರು ವರ್ಷಕ್ಕೂ ಮಿಗಿಲಾಗಿ ಅದರ ಗೊಡವೆಗೆ ಹೋಗಲಿಲ್ಲ.

ತಿಂಗಳ ಲೆಕ್ಕ ಹೊಂದದಿದ್ದರೆ ‘ಇತರೆ ಖರ್ಚು’ ಎಂದು ಬರೆದು ಪುಸ್ತಕ ಮುಚ್ಚುವುದು ಸಂಸಾರಸ್ಥರ ರೂಢಿ. ನಾಲ್ಕಾಣೆಯ ವಿಷಯದಲ್ಲಿ ಅದರಿಂದ ನಷ್ಟವಿಲ್ಲ. ಆದರೆ ಯಾರೊಂದಿಗೂ ಬೆರೆಯದೆ ಮೂಲೆಯಲ್ಲಿ ಕುಳಿತ ಮಗುವನ್ನು ‘ಅವನು ಹಾಗೆಯೇ, ಸೋಮಾರಿ’ ಎಂದು ಅದೇ ಬಾಬಿಗೆ ಸೇರಿಸಿಬಿಡುವ ಮನೆಗಳೂ ಉಂಟು. ತೀರ್ಪು ಕೊಡುವ ಮುನ್ನ ಇನ್ನೊಮ್ಮೆ ತೂಗಿ ನೋಡುವುದು ಒಳ್ಳೆಯದು.