ಮಾಮನ ಬೆನ್ನು, ನನ್ನ ಮಿನಿ ಪ್ರಾಜೆಕ್ಟ್

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಹತ್ತನೇ ಕ್ಲಾಸಿನ ಪ್ರಬಂಧ ಬಿಟ್ಟರೆ ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ಒತ್ತಕ್ಷರ ತಪ್ಪಿದ್ದರೆ ನಮ್ಮ ಎಡಿಟರ್ ಅಕ್ಕ ಸರಿ ಮಾಡಿರ್ತಾರೆ ಅಂತ ನಂಬಿದ್ದೀನಿ.

ನಮ್ಮ ಮಾಮ, ಅಂದರೆ ಅಮ್ಮನ ತಮ್ಮ, ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ. 22 ವರ್ಷದಿಂದ ಅದೇ ಕೆಲಸ. ನಾನು ಶಾಲೆಗೆ ಸೇರಿದಾಗ ಅಪ್ಪನ ಟೈಲರಿಂಗ್ ಅಂಗಡಿ ಸರಿಯಾಗಿ ನಡೀತಿರಲಿಲ್ಲ. ಮೊದಲ ಮೂರು ವರ್ಷದ ಫೀಸು ಕಟ್ಟಿದ್ದು ಮಾಮ. ಇದು ನನಗೆ ಗೊತ್ತಾಗಿದ್ದು ಪಿಯುಸಿ ಮುಗಿದ ಮೇಲೆ, ಅದೂ ಅಮ್ಮ ಯಾರ ಹತ್ತಿರನೋ ಫೋನಲ್ಲಿ ಮಾತಾಡ್ತಿದ್ದಾಗ.

ಮಿನಿ ಪ್ರಾಜೆಕ್ಟಿಗೆ ನಮ್ಮ ನಾಲ್ಕು ಜನರ ಟೀಮ್ 'ಚೀಲ ಲೋಡ್ ಮಾಡುವ ಪೋರ್ಟಬಲ್ ಕನ್ವೇಯರ್' ಅಂತ ಆರಿಸಿಕೊಂಡಿತು. ಐಡಿಯಾ ನನ್ನದೇ. ಎರಡು ವರ್ಷದಿಂದ ಮಾಮನಿಗೆ ಬೆನ್ನುನೋವು. ಡಾಕ್ಟರ್ ಡಿಸ್ಕ್ ಸವೆದಿದೆ ಅಂದಿದ್ದಾರೆ. ಮಷೀನ್ ಬಂದ್ರೆ ಅವನ ಬೆನ್ನು ಉಳಿಯುತ್ತೆ ಅಂತ ನನ್ನ ಲೆಕ್ಕ. ನಮ್ಮ ಗೈಡ್ ಮೇಡಂ ಪಿಪಿಟಿ ನೋಡಿ, 'ನೀವು ಯಾರಾದ್ರೂ ಒಂದು ಚೀಲ ಎತ್ತಿದ್ದೀರಾ?' ಅಂದ್ರು. ಯಾರೂ ಎತ್ತಿರಲಿಲ್ಲ. ಹಾಗಾಗಿ ರಜದಲ್ಲಿ ನಾನು ದಾವಣಗೆರೆಗೆ ಹೋದೆ.

ಯಾರ್ಡಿನಲ್ಲಿ ಎಲ್ಲಿ ನೋಡಿದರೂ ಮೆಕ್ಕೆಜೋಳದ ರಾಶಿ. ಹೆಂಗಸರು ಕಾಳು ಗುಡಿಸಿ ಹಸನು ಮಾಡ್ತಿದ್ರು. ಒಬ್ಬರು ಚೀಲಕ್ಕೆ ತುಂಬಿ ತೂಗಿದರೆ ಇನ್ನೊಬ್ಬರು ದಬ್ಬಳ, ಸುತಳಿ ಹಿಡಿದು ಬಾಯಿ ಹೊಲಿಯೋದು. ಆಮೇಲೆ ಮಾಮನ ಗುಂಪಿನ ಕೆಲಸ ಶುರು. ಇಬ್ಬರು ಚೀಲದ ಎರಡೂ ತುದಿ ಹಿಡಿದು ಎತ್ತಿ ಕೊಡ್ತಾರೆ, ನಾಲ್ಕು ಜನ ಬೆನ್ನಿಗೆ ತಗೊಂಡು ಹಲಗೆ ಹತ್ತಿ ಲಾರಿಯಲ್ಲಿ ಒಟ್ಟುತ್ತಾರೆ. ಕೋಳಿ ಫೀಡಿಗೆ ಹೋಗುವ ಲೋಡು. 50 ಕೆಜಿಯ 320 ಚೀಲ, ಒಟ್ಟು 16 ಟನ್. ಹೊರುವ ಒಬ್ಬೊಬ್ಬನಿಗೆ 80 ಚೀಲ, ಅಂದರೆ 4 ಟನ್. ಮೈಸೂರು ದಸರಾದ ಚಿನ್ನದ ಅಂಬಾರಿ 750 ಕೆಜಿ, ಅದು 15 ಚೀಲದ ತೂಕ. ಆ ಒಂದೇ ಲಾರಿಗೆ ಮಾಮ ಐದು ಅಂಬಾರಿಗಿಂತ ಜಾಸ್ತಿ ಹೊತ್ತಿದ್ದ. ಅಂಥ ಲಾರಿ ದಿನಕ್ಕೆ ಒಂದೇ ಇರಲ್ಲ.

ನಾನು ಒಂದು ಕಡೆ ಕೂತು ನೋಟ್‌ಬುಕ್‌ನಲ್ಲಿ ಲೆಕ್ಕ ಹಾಕಿದೆ. ಲಾರಿಯ ತಳ ನೆಲದಿಂದ ಸುಮಾರು 1.2 ಮೀಟರ್. ಒಂದು ಚೀಲ ಅಷ್ಟು ಎತ್ತರಕ್ಕೆ ಏರಿಸೋಕೆ ಸುಮಾರು 588 ಜೂಲ್. 80 ಚೀಲಕ್ಕೆ 47 ಕಿಲೋಜೂಲ್ ಚಿಲ್ಲರೆ. ಕ್ಯಾಲೊರಿಗೆ ಬದಲಾಯಿಸಿದರೆ ಬರೀ 11 ಕಿಲೋಕ್ಯಾಲೊರಿ! ಒಂದು ಗ್ಲೂಕೋಸ್ ಬಿಸ್ಕತ್ತಿನಲ್ಲಿ ಅರ್ಧವೂ ಇಲ್ಲ. ಸಮತಟ್ಟು ನೆಲದ ಮೇಲೆ ಹೊತ್ತು ನಡೆದಿದ್ದಕ್ಕಂತೂ ನಮ್ಮ ಫಿಸಿಕ್ಸ್ ಪುಸ್ತಕದ ಪ್ರಕಾರ ಕೆಲಸ ಸೊನ್ನೆ, ಯಾಕಂದ್ರೆ ಬಲ ಮೇಲಕ್ಕೆ, ಚಲನೆ ಅಡ್ಡಕ್ಕೆ. ಟೀ ಹೊತ್ತಲ್ಲಿ ಇದನ್ನ ಮಾಮನಿಗೆ ಹೇಳಿದೆ.

'ಅರ್ಧ ಬಿಸ್ಕತ್ತಾ? ಹಂಗಾದ್ರೆ ಉಳಿದರ್ಧ ನೀನು ತಿಂದು ಒಂದು ಚೀಲ ಎತ್ತು ಬಾರಲೇ ಅಳಿಯ' ಅಂದ. ಎಲ್ಲರೂ ನಕ್ಕರು.

ಎತ್ತಿದೆ. ಜಿಮ್ಮಿನಲ್ಲಿ 50 ಕೆಜಿ ಎತ್ತೋದೇ ಬೇರೆ, ಅಲ್ಲಿ ರಾಡಿಗೆ ಹಿಡಿ ಇರುತ್ತೆ. ಚೀಲಕ್ಕೆ ಹಿಡಿಯೇ ಇಲ್ಲ, ಒಳಗಿನ ಕಾಳು ಒಂದು ಕಡೆ ಜಾರುತ್ತೆ, ಅದರ ಜೊತೆ ನಾವೂ ಜಾರ್ತೀವಿ. ಕುತ್ತಿಗೆ ಹಿಂದೆ ಗೋಣಿಯ ದಾರ ಉಜ್ಜಿ ಉರಿ. 'ಕುತ್ತಿಗೆ ಮೇಲೆ ಬಿಡಬ್ಯಾಡ, ಬೆನ್ನ ಮೇಲೆ ಕೂರಿಸ್ಕೋ, ಮಂಡಿ ಸಡಿಲ ಬಿಡು, ನಿಂತ್ರೆ ಭಾರ, ನಡಿ ನಡಿ' ಅಂತ ಮಾಮ ಹಿಂದಿನಿಂದ ಕೂಗ್ತಿದ್ದ. ಪುಸ್ತಕ ಸೊನ್ನೆ ಅನ್ನೋ ಆ ಸಮತಟ್ಟು ನೆಲದಲ್ಲೇ ನನ್ನ ತೊಡೆ ನಡುಗ್ತಿತ್ತು. ಸ್ನಾಯು ಬಿಗಿ ಹಿಡಿದು ನಿಲ್ಲೋದಕ್ಕೇ ಶಕ್ತಿ ಖರ್ಚಾಗುತ್ತೆ, ಅದು ನನ್ನ ಫಾರ್ಮುಲಾದಲ್ಲಿ ಇರಲಿಲ್ಲ. ನನ್ನ ಮೈಯನ್ನೂ 80 ಸಲ ಹಲಗೆ ಹತ್ತಿಸಬೇಕು ಅನ್ನೋದನ್ನೂ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ದಿನ ನಾನು ಹೊತ್ತಿದ್ದು 11 ಚೀಲ. ಹನ್ನೊಂದನೆಯದರಲ್ಲಿ ಹಲಗೆ ಮೇಲೆ ಕಾಲು ಜಾರಿತು. ಚೀಲ ಕೆಳಗೆ ಬಿತ್ತು, ನನಗೇನೂ ಆಗಲಿಲ್ಲ. ಮಾಮನ ಮುಖ ಮಾತ್ರ ಬಿಳಿಚಿತ್ತು. ಆಮೇಲೆ ನನ್ನನ್ನ ಹೊರೋಕೆ ಬಿಡಲಿಲ್ಲ.

ಅವತ್ತು ರಾತ್ರಿ ಅವನಿಗೆ ಲ್ಯಾಪ್‌ಟಾಪ್‌ನಲ್ಲಿ ನಮ್ಮ ಪಿಪಿಟಿ ತೋರಿಸಿದೆ. ಕನ್ವೇಯರ್ ಅನಿಮೇಷನ್ ನೋಡಿ 'ಚಲೋ ಐತೆ' ಅಂದ. ಕೊನೆಯ ಸ್ಲೈಡಿನಲ್ಲಿ ಲಾಭಗಳ ಪಟ್ಟಿ ಇತ್ತು, ಮೊದಲನೆಯದೇ 'ಬೇಕಾದ ಆಳು 6ರಿಂದ 2ಕ್ಕೆ ಇಳಿಕೆ'. ಅವನಿಗೆ ಇಂಗ್ಲಿಷ್ ಬರಲ್ಲ, ಅಂಕಿ ಓದೋಕೆ ಬರುತ್ತೆ. ಏನು ಅಂತ ಕೇಳಿದ, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

'ಉಳಿದ ನಾಲ್ಕು ಜನ ಎಲ್ಲಿಗೆ ಹೋಗ್ತಾರೆ? ಅದು ಯಾವ ಸ್ಲೈಡಲ್ಲಿ ಐತೆ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ನಾಲ್ಕರಲ್ಲಿ ಮೊದಲು ಹೋಗೋದು ಬೆನ್ನುನೋವಿರೋನು, ಅಂದರೆ ಅವನೇ. ಅದಕ್ಕೇ ಅವನು ಡಿಸ್ಕ್ ವಿಷಯ ಗುಂಪಿನಲ್ಲಿ ಯಾರಿಗೂ ಹೇಳಿಲ್ಲ. ಬಂದ ಹಮಾಲಿಯನ್ನ ಎಲ್ಲರೂ ಸಮ ಹಂಚಿಕೊಳ್ತಾರೆ, ತನ್ನ ಪಾಲಿನ ಚೀಲ ಇನ್ನೊಬ್ಬ ಹೊರೋ ಹಾಗಾಗಬಾರದು ಅಂತ ಅವನಿಗೆ. ಕಾರ್ಮಿಕ ಇಲಾಖೆ ಕೊಟ್ಟ ಸ್ಮಾರ್ಟ್ ಕಾರ್ಡ್ ಇದೆ. ಅದು ಅಪಘಾತ ಆದ್ರೆ. 22 ವರ್ಷದಲ್ಲಿ ಸವೆದ ಬೆನ್ನಿಗೆ ಅಪಘಾತದ ತಾರೀಖು ಏನಂತ ಬರೀಬೇಕು?

'ಹಂಗಾದ್ರೆ ಏನು ಮಾಡಬೇಕು ಮಾಮ?' ಅಂದೆ.

'ನಾನು ಬಂದಾಗ ಕ್ವಿಂಟಲ್ ಚೀಲ ಇದ್ದವು. ನೂರು ಕೆಜಿ. ಈಗ ಐವತ್ತಕ್ಕೆ ಬಂದೈತೆ. ಯಾರೂ ಮಷೀನ್ ತರಲಿಲ್ಲ, ಚೀಲ ಸಣ್ಣದಾತು ಅಷ್ಟೆ. ಎತ್ತಿ ಕೊಡೋವಾಗ ನೆಲದಿಂದ ಬಗ್ಗಿ ಎತ್ತೋದೇ ಕಷ್ಟ. ಆಮೇಲೆ ನಿನ್ನ ಬೀಳಿಸ್ತಲ್ಲ, ಆ ಹಲಗೆ.'

ಹಾಸ್ಟೆಲಿಗೆ ವಾಪಸ್ ಬಂದು ಓದಿದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ, ಒಬ್ಬ ಗಂಡಾಳು ಹೊರುವ ಭಾರ 55 ಕೆಜಿ ಮೀರಿದ್ದರೆ ಅದನ್ನ ಇಳಿಸಬೇಕು ಅಂತ ಶಿಫಾರಸು ಮಾಡಿದೆ. ಅಮೆರಿಕದ ನಿಯೋಶ್ ಸಂಸ್ಥೆಯ 1991ರ ಸೂತ್ರದಲ್ಲಿ, ಎಲ್ಲಾ ಅನುಕೂಲ ಇದ್ದಾಗಲೂ ಎತ್ತಬಹುದಾದ ಮಿತಿ 23 ಕೆಜಿ. ನೆಲದಿಂದ ಬಗ್ಗಿ ಎತ್ತಿದರೆ ಇನ್ನೂ ಕಮ್ಮಿ. ಮಾಮ ಸೂತ್ರ ಇಲ್ಲದೇ ಹೇಳಿದ್ದೂ ಅದನ್ನೇ.

ನಮ್ಮ ಟೀಮ್ ಎರಡು ದಿನ ಜಗಳ ಆಡಿ ಪ್ರಾಜೆಕ್ಟ್ ಬದಲಾಯಿಸಿತು. ಚೀಲ ತುಂಬಿ ಹೊಲಿಯೋಕೆ ಸೊಂಟದ ಎತ್ತರದ, ಮಡಚುವ ಒಂದು ಸ್ಟ್ಯಾಂಡ್. ಹೊರುವವನು ಬೆನ್ನು ಕೊಟ್ಟು ನಿಂತರೆ ಸಾಕು, ಎತ್ತಿ ಕೊಡೋರು ನೆಲಕ್ಕೆ ಬಗ್ಗಬೇಕಿಲ್ಲ. ಜೊತೆಗೆ ಅಡ್ಡಪಟ್ಟಿ ಹೊಡೆದ, ಜಾರದ ಹಲಗೆ. ರಿವ್ಯೂನಲ್ಲಿ 'ಇದರಲ್ಲಿ ಇನ್ನೋವೇಷನ್ ಎಲ್ಲಿದೆ?' ಅಂತ ಕೇಳಿದ್ರು. 50ಕ್ಕೆ 31 ಬಂತು. ಕನ್ವೇಯರ್ ಮಾಡಿದ್ರೆ 45 ಬರ್ತಿತ್ತು ಅಂತ ನನ್ನ ಟೀಮ್‌ಮೇಟ್ ಈಗಲೂ ಬೈತಾನೆ. ಅವನದು ತಪ್ಪು ಅಂತ ಹೇಳಲಾರೆ. ನಾವಲ್ಲದಿದ್ದರೆ ನಾಳೆ ಇನ್ನೊಬ್ಬರು ಆ ಯಾರ್ಡಿಗೆ ಕನ್ವೇಯರ್ ತರ್ತಾರೆ. ಆಗ ಮಾಮನ ಪ್ರಶ್ನೆಗೆ ಯಾರು ಉತ್ತರ ಕೊಡ್ತಾರೋ ನನಗೂ ಗೊತ್ತಿಲ್ಲ.

ಯುಗಾದಿಗೆ ಊರಿಗೆ ಹೋದಾಗ ಸ್ಟ್ಯಾಂಡನ್ನ ಬಸ್ಸಿನ ಮೇಲೆ ಹಾಕಿಸ್ಕೊಂಡು ಹೋಗಿದ್ದೆ. ಮಾಮ ಅದರ ಮೇಲೆ ಒಂದು ಚೀಲ ಇಟ್ಟು ಅಲ್ಲಾಡಿಸಿ ನೋಡಿದ. ಆಮೇಲೆ ಬಗ್ಗದೇನೇ ಬೆನ್ನಿಗೆ ತಗೊಂಡ. ಹತ್ತು ಹೆಜ್ಜೆ ನಡೆದು ಇಳಿಸಿ, ವಾಪಸ್ ಬಂದು ಹೇಳಿದ:

'ಅಲ್ಲಾಡ್ತೈತೆ. ಕಾಲು ಇನ್ನೊಂದಿಷ್ಟು ಅಗಲ ಮಾಡ್ಕೊಂಡು ಬಾ.'

ಮುಂದಿನ ವಾರ ವರ್ಕ್‌ಶಾಪ್‌ನಲ್ಲಿ ವೆಲ್ಡಿಂಗ್‌ಗೆ ಸ್ಲಾಟ್ ಸಿಕ್ಕಿದೆ.